ಬಾಟಲಿ ಕೂಲ್‌ಡ್ರಿಂಕ್ ಬಿಟ್ಟು ಮನೆಯಲ್ಲೇ ಶರಬತ್ತು: ತಿಂಗಳುಗಟ್ಟಲೆ ಇಡುವುದು ಯಾವುದು, ಅವತ್ತೇ ಕುಡಿಯುವುದು ಯಾವುದು?

ಕಲಬುರಗಿ ಬಿಸಿಲು:

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಬಿಸಿಲು ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್ ಬಂದರೆ 40 ಡಿಗ್ರಿ ದಾಟುವುದು ಮಾಮೂಲು. ಮನೆಯಲ್ಲಿ ಇಬ್ಬರು ಮಕ್ಕಳು. ಹೊರಗಿಂದ ಬಂದ ಕೂಡಲೇ ಏನಾದರೂ ತಣ್ಣಗೆ, ಸಿಹಿಯಾಗಿ ಬೇಕು. ಅಂಗಡಿಯ ಬಣ್ಣದ ಬಾಟಲಿಗಳನ್ನು ಈ ಸಲ ಮನೆಯೊಳಗೆ ತರಬಾರದು ಅಂತ ಗಟ್ಟಿ ಮನಸ್ಸು ಮಾಡಿದ್ದೇನೆ.

ನಾನು ಕೆಲಸಕ್ಕೆ ಹೋಗುವವಳು. ದಿನಾ ಪಾನಕ ಮಾಡುತ್ತಾ ಕೂರಲು ಆಗುವುದಿಲ್ಲ. ಒಂದು ಭಾನುವಾರ ಮಾಡಿಟ್ಟರೆ ತಿಂಗಳು ಪೂರ್ತಿ ಬರುವಂಥದ್ದು ಯಾವುದು? ಸಕ್ಕರೆ ಆದಷ್ಟು ಕಡಿಮೆ ಇರಬೇಕು.

ಇನ್ನೊಂದು ಮಾತು. ಪರಿಚಯದವರು ಕರಾವಳಿಯಿಂದ ಮನೆಯಲ್ಲೇ ಮಾಡಿದ ಪುನರ್ಪುಳಿ (ಕೋಕಂ) ಶರಬತ್ತಿನ ಬಾಟಲಿ ತಂದುಕೊಟ್ಟಿದ್ದರು. ನಿನ್ನೆ ಮುಚ್ಚಳ ತಿರುಗಿಸಿದರೆ ಬುಸ್ ಅಂತ ಗಾಳಿ ಬಂತು. ಮೇಲೆ ಸಣ್ಣ ನೊರೆ. ಕೆಟ್ಟ ವಾಸನೆ ಏನಿಲ್ಲ, ಸ್ವಲ್ಪ ಹುಳಿ ಹುಳಿ. ಕುಡಿಯಬಹುದಾ?

ಪುತ್ತೂರಿನ ಮನೆ:

ಬೇಡ, ಕುಡಿಯಬೇಡಿ. ಮಕ್ಕಳಿಗಂತೂ ಕೊಡಲೇಬೇಡಿ. ನೊರೆ ಬಂದಿದೆ ಅಂದರೆ ಒಳಗೆ ಹುದುಗಿದೆ. ಗಾಜಿನ ಬಾಟಲಿ ಆಗಿದ್ದರೆ ಮುಚ್ಚಳ ಮತ್ತೆ ಬಿಗಿ ಮಾಡಿ ಇಡಬೇಡಿ. ಒಳಗಿನ ಒತ್ತಡಕ್ಕೆ ಒಡೆಯುವುದುಂಟು. ಸಿಂಕಿಗೆ ಸುರಿದುಬಿಡಿ.

ಹೊಟ್ಟೆ ಉರಿಯುತ್ತದೆ ಅಂತ ಗೊತ್ತು. ಒಂದು ಬಾಟಲಿ ಪುನರ್ಪುಳಿ ಅಂದರೆ ಒಂದು ಬುಟ್ಟಿ ಹಣ್ಣು ಹೆಕ್ಕಿ, ತೊಳೆದು, ಬಿಡಿಸಿ, ಒಂದು ವಾರ ಬಿಸಿಲಿಗೆ ಇಟ್ಟ ಕೆಲಸ.

ಮೈಸೂರು ಲ್ಯಾಬ್:

ಅಕ್ಕ ಹೇಳಿದ್ದು ಸರಿ. ಯಾಕೆ ಹೀಗಾಯಿತು ಅಂತ ಸ್ವಲ್ಪ ಹೇಳುತ್ತೇನೆ, ಏಕೆಂದರೆ ನಿಮ್ಮ ಮೊದಲ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ನಾನು ಆಹಾರ ವಿಜ್ಞಾನ ಓದಿದವಳು, ಕೆಲಸವೂ ಅದರಲ್ಲೇ.

ಶರಬತ್ತಿನ ಪಾಕದಲ್ಲಿ ಸಕ್ಕರೆ ಬರೀ ಸಿಹಿಗೆ ಇರುವುದಲ್ಲ. ಅದೇ ಕಾವಲುಗಾರ. ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆ ಇದ್ದರೆ ಅಲ್ಲಿರುವ ನೀರನ್ನೆಲ್ಲ ಸಕ್ಕರೆಯೇ ಹಿಡಿದಿಟ್ಟುಕೊಳ್ಳುತ್ತದೆ. ಈಸ್ಟಿಗೆ ಬೆಳೆಯಲು ನೀರು ಸಿಗುವುದಿಲ್ಲ. ಸಕ್ಕರೆ ಕಡಿಮೆಯಾದರೆ, ಇಲ್ಲವೇ ಒದ್ದೆ ಸೌಟು ಹಾಕಿ ಮೇಲ್ಭಾಗ ತೆಳುವಾದರೆ, ಅಲ್ಲೇ ಹುದುಗು ಶುರು.

ಸರ್ಕಾರದ ನಿಯಮದಲ್ಲೂ ಇದು ಕಾಣುತ್ತದೆ. ಹಣ್ಣಿನ ಸಿರಪ್ ಅಂತ ಮಾರಬೇಕಾದರೆ ಅದರಲ್ಲಿ ಕರಗಿರುವ ಅಂಶ ಕನಿಷ್ಠ 65 ಶೇಕಡಾ ಇರಬೇಕು. ಅದರಲ್ಲಿ ಬಹುಪಾಲು ಸಕ್ಕರೆಯೇ. ಸ್ಕ್ವಾಷ್ ಆದರೆ 40 ಶೇಕಡಾ ಸಾಕು, ಹಣ್ಣಿನ ರಸ 25 ಶೇಕಡಾ ಇರಬೇಕು. ಆದರೆ 40ರಲ್ಲಿ ಅದು ತಾನಾಗಿ ಉಳಿಯುವುದಿಲ್ಲ. ಅದಕ್ಕೇ ಸ್ಕ್ವಾಷ್ ಬಾಟಲಿಗೆ ಸಂರಕ್ಷಕ ಹಾಕುತ್ತಾರೆ.

ಹಾಗಾಗಿ 'ತಿಂಗಳು ಪೂರ್ತಿ ಇರಬೇಕು' ಮತ್ತು 'ಸಕ್ಕರೆ ಕಡಿಮೆ ಇರಬೇಕು', ಈ ಎರಡೂ ಒಂದೇ ಬಾಟಲಿಯಲ್ಲಿ ಆಗುವುದಿಲ್ಲ. ಬಾಟಲಿಯಲ್ಲಿ ಇಡುವುದಾದರೆ ಸಕ್ಕರೆ ಪೂರ್ತಿ ಹಾಕಿ, ಲೋಟಕ್ಕೆ ಹಾಕುವಾಗ ಕಡಿಮೆ ಹಾಕಿ. ಸಕ್ಕರೆ ಬೇಡ ಅಂದರೆ ಫ್ರೀಜರಿಗೆ ಹಾಕಿ, ಇಲ್ಲವೇ ಅವತ್ತೇ ಕುಡಿದು ಮುಗಿಸಿ.

ಕಲಬುರಗಿ ಬಿಸಿಲು:

ಸುರಿದುಬಿಟ್ಟೆ. ಮನಸ್ಸಿಗೆ ಕಷ್ಟವಾಯಿತು. ಪುತ್ತೂರಿನ ಅಕ್ಕ, ಸರಿಯಾಗಿ ಮಾಡುವ ಕ್ರಮ ಹೇಳುತ್ತೀರಾ? ಇಲ್ಲಿ ಹಸಿ ಹಣ್ಣು ಸಿಗುವುದಿಲ್ಲ. ಆದರೆ ಮೇ ತಿಂಗಳಲ್ಲಿ ಊರಿನ ಕಡೆಯವರು ಬಂದರೆ ತರಿಸಬಹುದು.

ಪುತ್ತೂರಿನ ಮನೆ:

ಹೇಳುತ್ತೇನೆ. ಹಣ್ಣು ಏಪ್ರಿಲ್, ಮೇ ಹೊತ್ತಿಗೆ ಕೆಂಪಾಗುತ್ತದೆ. ಮಳೆ ಹಿಡಿಯುವ ಮೊದಲೇ ಮಾಡಿಬಿಡಬೇಕು. ಮಳೆಗೆ ಸಿಕ್ಕಿದ ಹಣ್ಣು ನೀರು ಕುಡಿದಿರುತ್ತದೆ, ಬೇಗ ಕೊಳೆಯುತ್ತದೆ. ನೇರಳೆ ಬಣ್ಣಕ್ಕೆ ತಿರುಗಿದ, ಒತ್ತಿದರೆ ಸ್ವಲ್ಪ ಬಗ್ಗುವ ಹಣ್ಣು ಆರಿಸಿ. ತೊಳೆದ ಮೇಲೆ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಬೇಕು. ಇದನ್ನು ಬಿಡಬೇಡಿ. ಹಣ್ಣಿನ ಮೇಲೆ ನೀರಿನ ಹನಿ ಉಳಿಯಲೇಬಾರದು.

ಅರ್ಧಕ್ಕೆ ಕೊಯ್ದು ಬೀಜ, ತಿರುಳು ತೆಗೆಯಿರಿ. ಸಿಪ್ಪೆ ಒಂದು ಸಣ್ಣ ಬಟ್ಟಲಿನ ಆಕಾರದಲ್ಲಿ ಸಿಗುತ್ತದೆ. ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆ. ಪ್ರತಿ ಬಟ್ಟಲಿಗೂ ಸಕ್ಕರೆ ತುಂಬಿ ಭರಣಿಯಲ್ಲಿ ಸಾಲಾಗಿ ಇಡುತ್ತಾ ಬನ್ನಿ, ನಡುನಡುವೆ ಸಕ್ಕರೆ ಉದುರಿಸಿ. ಮೇಲೆ ಕೊನೆಯ ಪದರ ಸಕ್ಕರೆಯದ್ದೇ ಆಗಿರಲಿ. ಬಾಯಿಗೆ ತೆಳು ಬಟ್ಟೆ ಕಟ್ಟಿ ದಿನಾ ಬಿಸಿಲಿಗೆ ಇಡಿ, ಸಂಜೆ ಒಳಗೆ ತನ್ನಿ.

ಮರುದಿನ ನೋಡಿದರೆ ಸಕ್ಕರೆ ಒದ್ದೆಯಾಗಿ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ನೀವು ಒಂದು ಹನಿ ನೀರೂ ಹಾಕಿರುವುದಿಲ್ಲ, ಆದರೂ ಭರಣಿಯ ತಳದಲ್ಲಿ ಕಡುಕೆಂಪು ರಸ ನಿಂತಿರುತ್ತದೆ. ದಿನಾ ಒಣಗಿದ ಮರದ ಸೌಟಿನಲ್ಲಿ ಕೆಳಗಿನಿಂದ ಮಗುಚಿ. ಒಂದು ವಾರ ಆಗುವಾಗ ಸಿಪ್ಪೆ ಬಾಡಿ ಸುರುಟಿಕೊಂಡು, ಸಕ್ಕರೆ ಪೂರ್ತಿ ಕರಗಿರುತ್ತದೆ. ಸೋಸಿ, ಒಣಗಿದ ಬಾಟಲಿಗೆ ತುಂಬಿ. ಒಂದು ಪಾಲು ಪಾಕಕ್ಕೆ ನಾಲ್ಕೈದು ಪಾಲು ನೀರು, ಒಂದು ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ. ಬೇರೆ ಏನೂ ಬೇಡ.

ಉಳಿದ ಸಿಪ್ಪೆ ಬಿಸಾಡಬೇಡಿ. ಒಣಗಿಸಿಟ್ಟರೆ ಮಕ್ಕಳು ಚಪ್ಪರಿಸಿ ತಿನ್ನುತ್ತಾರೆ.

ಘಟ್ಟದ ಮೇಲಿನವ:

ಶಿರಸಿ ಕಡೆಯವನು. ನಾವು ಇದಕ್ಕೆ ಮುರುಗಲು ಅನ್ನುತ್ತೇವೆ. ಅಕ್ಕ ಹೇಳಿದ ಕ್ರಮವೇ ನಮ್ಮಲ್ಲೂ. ಆದರೆ ನಮ್ಮಲ್ಲಿ ಬಿಳಿ ಮುರುಗಲೂ ಉಂಟು. ಅದರ ಹಣ್ಣು ಹಳದಿ. ಪಾಕಕ್ಕೆ ಬಣ್ಣ ಬರುವುದಿಲ್ಲ, ರುಚಿ ಮಾತ್ರ ಬಹಳ ಒಳ್ಳೆಯದು. ಕೆಂಪು ಕಂಡರೆ ಮಾತ್ರ ಕೊಳ್ಳುವ ಜನ ಅದನ್ನು ಕೇಳುವುದೇ ಇಲ್ಲ. ಮರ ಇದ್ದವರು ದಯವಿಟ್ಟು ಕಡಿಯಬೇಡಿ, ಉಳಿಸಿಕೊಳ್ಳಿ.

ನಮ್ಮಲ್ಲಿ ಬೀಜವನ್ನೂ ಬಿಡುವುದಿಲ್ಲ. ಒಣಗಿಸಿ ಕುಟ್ಟಿ ನೀರಿನಲ್ಲಿ ಕುದಿಸಿದರೆ ಮೇಲೆ ಜಿಡ್ಡು ತೇಲುತ್ತದೆ. ಆರಿದ ಮೇಲೆ ಅದು ಮೇಣದ ಹಾಗೆ ಗಟ್ಟಿಯಾಗುತ್ತದೆ. ಹಿಮ್ಮಡಿ ಒಡೆದವರಿಗೆ ಅದಕ್ಕಿಂತ ಒಳ್ಳೆಯ ಮುಲಾಮು ನಾನು ಕಂಡಿಲ್ಲ.

ಬಸವನಗುಡಿ ಹುಡುಗ:

ಒಂದು ಸಂಶಯ. ಬಾಟಲಿ ಕೆಡಬಾರದು ಅಂತ ಕೆಲವರು ಕೆಎಂಎಸ್ ಪುಡಿ ಹಾಕಿ ಅಂತಾರೆ. ಪುನರ್ಪುಳಿಗೆ ಹಾಕಬಹುದಾ?

ಮೈಸೂರು ಲ್ಯಾಬ್:

ಪುನರ್ಪುಳಿಗೆ ಬೇಡ. ಕೆಎಂಎಸ್ ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಹುಳಿ ರಸಕ್ಕೆ ಬಿದ್ದರೆ ಅದರಿಂದ ಗಂಧಕದ ಡೈಆಕ್ಸೈಡ್ ಬಿಡುಗಡೆ ಆಗುತ್ತದೆ. ಅದು ಕೆಂಪು, ನೇರಳೆ ಬಣ್ಣವನ್ನು ತೊಳೆದು ಹಾಕುತ್ತದೆ. ಕೆಂಪು ಶರಬತ್ತು ಪೇಲವವಾಗಿ ಕೂರುತ್ತದೆ. ನಿಂಬೆ, ಕಿತ್ತಳೆ, ಮಾವು, ಅನಾನಸ್ ಸ್ಕ್ವಾಷಿಗೆ ಅದು ಸರಿ. ಕೆಂಪು ಹಣ್ಣುಗಳಿಗೆ ಸೋಡಿಯಂ ಬೆಂಜೋಯೇಟ್ ಬಳಸುತ್ತಾರೆ.

ಕೆಎಂಎಸ್ ಹಾಕುವುದಿದ್ದರೂ ಕಿಲೋ ಸ್ಕ್ವಾಷಿಗೆ ಅರ್ಧ ಗ್ರಾಂ ಆಸುಪಾಸು. ಚಮಚದ ಅಂದಾಜು ಬೇಡ, ಸಣ್ಣ ತಕ್ಕಡಿಯಲ್ಲಿ ತೂಗಿ. ಅಸ್ತಮಾ ಇರುವವರಿಗೆ ಅದು ಒಗ್ಗದೆ ಉಬ್ಬಸ ಬರಬಹುದು, ಮನೆಯಲ್ಲಿ ಅಂಥವರಿದ್ದರೆ ಆ ದಾರಿಗೇ ಹೋಗಬೇಡಿ. ನನ್ನನ್ನು ಕೇಳಿದರೆ ಮನೆಗೆ ಮಾಡುವ ಶರಬತ್ತಿಗೆ ಎರಡೂ ಬೇಕಿಲ್ಲ. ಸಕ್ಕರೆ ಪೂರ್ತಿ ಹಾಕಿ, ಸಣ್ಣ ಬಾಟಲಿಗಳಲ್ಲಿ ತುಂಬಿ, ಒಂದು ಮುಗಿದ ಮೇಲೆ ಇನ್ನೊಂದು ತೆಗೆಯಿರಿ. ದೊಡ್ಡ ಬಾಟಲಿಯನ್ನು ದಿನಾ ತೆಗೆದು ಮುಚ್ಚುವುದೇ ಅರ್ಧ ತೊಂದರೆಗೆ ಕಾರಣ.

ಬಾಟಲಿಯನ್ನು ಕುದಿಯುವ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಇಟ್ಟು, ಬೋರಲು ಹಾಕಿ ಪೂರ್ತಿ ಒಣಗಿಸಿ. ಮುಚ್ಚಳಕ್ಕೂ ಇದೇ ಕ್ರಮ. ಎಷ್ಟೋ ಜನ ಬಾಟಲಿ ಕುದಿಸುತ್ತಾರೆ, ಮುಚ್ಚಳ ಸುಮ್ನೆ ತೊಳೆದು ಹಾಕುತ್ತಾರೆ. ಬೂಷ್ಟು ಶುರುವಾಗುವುದೇ ಅಲ್ಲಿಂದ.

ಬಳ್ಳಾರಿ ಗಾಳಿ:

ಕಲಬುರಗಿ ಅಕ್ಕಾರೆ, ನಿಮ್ಮ ಊರಿಗೆ ಸರಿಯಾದದ್ದು ಸೊಗದೆ ಬೇರಿನ ಶರಬತ್ತು. ನಮ್ಮಲ್ಲಿ ನನ್ನಾರಿ ಅಂತಲೇ ಕರೆಯುವುದು ಜಾಸ್ತಿ, ಪಕ್ಕದಲ್ಲೇ ರಾಯಲಸೀಮೆ ಅಲ್ವಾ. ಬೇಸಿಗೆಯಲ್ಲಿ ರಸ್ತೆಬದಿ ಗಾಡಿಯಲ್ಲಿ ನಿಂಬೆರಸ, ಸೋಡಾ ಹಾಕಿ ಕೊಡುತ್ತಾರೆ. ಬೇರು ಗ್ರಂಥಿಗೆ ಅಂಗಡಿಯಲ್ಲಿ ಒಣಗಿದ್ದು ಸಿಗುತ್ತದೆ, ಹಣ್ಣಿನ ಕಾಲಕ್ಕೆ ಕಾಯಬೇಕಿಲ್ಲ.

ಪರಿಮಳ ಇರುವುದು ಬೇರಿನ ಮೇಲಿನ ತೊಗಟೆಯಲ್ಲಿ. ಒಳಗಿನ ಬಿಳಿ ಕಡ್ಡಿಯಲ್ಲಿ ಏನೂ ಇಲ್ಲ. ಬೇರನ್ನು ಚೆನ್ನಾಗಿ ತೊಳೆದು ಒಣಗಿಸಿ, ಕುಟ್ಟಾಣಿಯಲ್ಲಿ ಮೆಲ್ಲಗೆ ಜಜ್ಜಿ. ತೊಗಟೆ ಬಿಟ್ಟುಕೊಂಡು ಕಡ್ಡಿ ಬೇರೆಯಾಗುತ್ತದೆ. ಕಡ್ಡಿ ತೆಗೆದುಹಾಕಿ. ಜಜ್ಜುವಾಗಲೇ ಅಡುಗೆಮನೆ ತುಂಬಾ ಪರಿಮಳ. ವೆನಿಲ್ಲಾ ನೆನಪಾಗುತ್ತದೆ, ಆದರೆ ಅದರಲ್ಲಿ ಮಣ್ಣಿನ ಒಂದು ಎಳೆ ಇರುತ್ತದೆ.

100 ಗ್ರಾಂ ತೊಗಟೆಗೆ ಒಂದು ಲೀಟರ್ ಕುದಿಸಿದ ಬಿಸಿನೀರು ಸುರಿದು ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಎರಡು ಕಿಲೋ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಒಂದು ಕುದಿ ಬಂದರೆ ಸಾಕು, ಇಳಿಸಿ. ಇಳಿಸಿದ ಮೇಲೆ ಎರಡು ನಿಂಬೆಹಣ್ಣಿನ ರಸ. ಲೋಟಕ್ಕೆ ಎರಡು ದೊಡ್ಡ ಚಮಚ, ಮತ್ತೆ ಅರ್ಧ ನಿಂಬೆ, ನೆನೆಸಿದ ಕಾಮಕಸ್ತೂರಿ ಬೀಜ.

ಮೈಸೂರು ಲ್ಯಾಬ್:

ತುಂಬಾ ಸರಿಯಾದ ಕ್ರಮ. ಈ ಪರಿಮಳ ಆವಿಯ ಜೊತೆ ಹಾರಿಹೋಗುವಂಥದ್ದು. ಗಂಟೆಗಟ್ಟಲೆ ಕುದಿಸಿದರೆ ಮನೆ ಘಮ್ಮೆನ್ನುತ್ತದೆ, ಬಾಟಲಿಯಲ್ಲಿ ಏನೂ ಉಳಿಯುವುದಿಲ್ಲ. ವೆನಿಲ್ಲಾ ನೆನಪಾಗುವುದಕ್ಕೂ ಕಾರಣ ಇದೆ. ಈ ಬೇರಿನ ಮುಖ್ಯ ಸುಗಂಧದ ಅಣು ವೆನಿಲ್ಲಾದ ಅಣುವಿನ ಹತ್ತಿರದ ಬಂಧು.

ಒಂದು ಲೀಟರ್ ನೀರಿಗೆ ಎರಡು ಕಿಲೋ ಸಕ್ಕರೆ ಅಂದರೆ ತೂಕದಲ್ಲಿ ಸುಮಾರು 66 ಶೇಕಡಾ. ನಾನು ಮೇಲೆ ಹೇಳಿದ ಗಡಿ ದಾಟಿತು. ನಿಂಬೆರಸ ಬರೀ ರುಚಿಗಲ್ಲ. ಹುಳಿ ಬಿದ್ದರೆ ಸಕ್ಕರೆ ಸ್ವಲ್ಪ ಒಡೆಯುತ್ತದೆ, ಬಾಟಲಿಯ ತಳದಲ್ಲಿ ಹರಳು ಕಟ್ಟುವುದಿಲ್ಲ.

ಬಸವನಗುಡಿ ಹುಡುಗ:

ಇದು ನಮ್ಮ ಮನೆಯ ಮಾಗಳಿ ಬೇರಿನ ಉಪ್ಪಿನಕಾಯಿ ವಾಸನೆಯೇ ಅಲ್ವಾ? ಅಜ್ಜಿ ಜಾಡಿ ತೆಗೆದರೆ ಹೀಗೇ ಬರುತ್ತಿತ್ತು.

ಬಳ್ಳಾರಿ ಗಾಳಿ:

ವಾಸನೆ ಹತ್ತಿರ ಹತ್ತಿರ ಒಂದೇ, ಗಿಡ ಬೇರೆ. ಮಾಗಳಿ ಬೇರು ದಪ್ಪ, ಬೆರಳಿನಷ್ಟು ಇರುತ್ತದೆ. ಸೊಗದೆ ಬೇರು ತೆಳ್ಳಗೆ, ದಾರದ ಹಾಗೆ ಉದ್ದ. ಆಂಧ್ರದ ಕಡೆ ಮಾಗಳಿಯಿಂದಲೂ ಶರಬತ್ತು ಮಾಡುತ್ತಾರೆ. ಆದರೆ ಅದು ಕಾಡಿನಿಂದ ಅಗೆದು ತರುವ ಬೇರು, ದಿನೇ ದಿನೇ ಕಡಿಮೆ ಆಗುತ್ತಿದೆ. ಉಪ್ಪಿನಕಾಯಿಗೆ ಮಾತ್ರ ಇಟ್ಟುಕೊಳ್ಳೋಣ ಅಂತ ನನ್ನ ಮನವಿ.

ಕಲಬುರಗಿ ಬಿಸಿಲು:

ಸಕ್ಕರೆ ಲೆಕ್ಕ ನೋಡಿ ಭಯವಾಯಿತು. ಎರಡು ಕಿಲೋ! ಇದರ ಬದಲು ಬೆಲ್ಲ ಹಾಕಿದರೆ ಒಳ್ಳೆಯದಲ್ವಾ?

ನರ್ಸ್ ಅಕ್ಕ:

ಈ ಮಾತು ಎಲ್ಲ ಕಡೆ ಕೇಳುತ್ತೇನೆ, ಅದಕ್ಕೆ ಬರೆಯಲೇಬೇಕು. ಬೆಲ್ಲದ ಬಹುಪಾಲು ಸಕ್ಕರೆಯೇ. ಸ್ವಲ್ಪ ಖನಿಜಾಂಶ ಇದೆ, ರುಚಿ ಇದೆ, ಒಪ್ಪುತ್ತೇನೆ. ಆದರೆ ಶುಗರ್ ಇರುವವರು 'ಬೆಲ್ಲದ ಪಾನಕ, ಏನೂ ಆಗಲ್ಲ' ಅಂತ ಎರಡು ಲೋಟ ಕುಡಿದು ಆಸ್ಪತ್ರೆಗೆ ಬರುವುದನ್ನು ನೋಡಿ ನೋಡಿ ಬೇಸರವಾಗಿದೆ. ಶುಗರ್ ಇರುವವರಿಗೆ ಎರಡೂ ಒಂದೇ.

ಲೋಟದ ಲೆಕ್ಕ ಹೇಳುತ್ತೇನೆ ಕೇಳಿ. ಆ ಪಾಕವನ್ನು ಮೂರು ದೊಡ್ಡ ಚಮಚ ಹಾಕಿದರೆ ಒಂದೇ ಲೋಟದಲ್ಲಿ 35ರಿಂದ 40 ಗ್ರಾಂ ಸಕ್ಕರೆ ಹೋಗುತ್ತದೆ. ಮೇಲಿಂದ ಹಾಕಿಕೊಳ್ಳುವ ಸಕ್ಕರೆ ದಿನಕ್ಕೆ 50 ಗ್ರಾಂ ಒಳಗಿರಲಿ, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುತ್ತದೆ. ಮಕ್ಕಳ ಊಟ ಕಡಿಮೆ, ಅವರಿಗೆ ಅದಕ್ಕಿಂತಲೂ ಕಡಿಮೆಯೇ ಆಗಬೇಕು. ಹಾಗಾಗಿ ಮಕ್ಕಳ ಲೋಟಕ್ಕೆ ಒಂದು ಚಮಚ ಸಾಕು, ಜೊತೆಗೆ ನಿಂಬೆ, ಉಪ್ಪು. ಹುಳಿ ಮತ್ತು ಉಪ್ಪು ಸರಿಯಾಗಿ ಬಿದ್ದರೆ ಕಡಿಮೆ ಸಿಹಿಯೂ ಸಾಕಾಗುತ್ತದೆ. ಒಂದೆರಡು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಮತ್ತೊಂದು. ಮಕ್ಕಳಿಗೆ ವಾಂತಿ ಭೇದಿ ಆದಾಗ ಪಾನಕ, ಶರಬತ್ತು ಕೊಡಬೇಡಿ. ಸಿಹಿ ಜಾಸ್ತಿ ಇರುವ ನೀರು ಭೇದಿಯನ್ನು ಹೆಚ್ಚು ಮಾಡುತ್ತದೆ. ಅಂಗಡಿಯ ಓಆರ್‌ಎಸ್ ಪೊಟ್ಟಣವೇ ಒಳ್ಳೆಯದು. ಅದು ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು.

ಧಾರವಾಡದಾಕಿ:

ನರ್ಸ್ ಅಕ್ಕನ ಮಾತು ಒಪ್ಪಿದೆ. ಆದರೆ ಬೆಲ್ಲವನ್ನು ಪೂರ್ತಿ ಬಿಡಬೇಡಿರಿ. ರುಚಿಗೆ ಅದಕ್ಕೆ ಸಾಟಿ ಇಲ್ಲ. ಅದನ್ನು ಬಾಟಲಿ ಶರಬತ್ತಿಗೆ ಹಾಕಬಾರದು, ಅಷ್ಟೇ. ಬೆಲ್ಲದ ಪಾನಕ ಅವತ್ತು ಮಾಡಿ ಅವತ್ತೇ ಮುಗಿಸುವಂಥದ್ದು. ಬೆಳಗ್ಗೆ ಮಾಡಿದ್ದು ನಮ್ಮ ಬಿಸಿಲಿಗೆ ಸಂಜೆ ಹೊತ್ತಿಗೆ ಹುಳಿ ಬರುತ್ತದೆ.

ನಮ್ಮ ಕಡೆ ಚೈತ್ರ ಗೌರಿ ಅರಿಶಿನ ಕುಂಕುಮಕ್ಕೆ ಕರೆದಾಗ ಕೋಸಂಬರಿ ಜೊತೆ ಮಾವಿನಕಾಯಿ ಪಾನಕ ಕೊಡುತ್ತೇವೆ. ಎರಡು ಹುಳಿ ಮಾವಿನಕಾಯಿಯನ್ನು ಸಿಪ್ಪೆ ಸಮೇತ ಕುಕ್ಕರಿನಲ್ಲಿ ಬೇಯಿಸಿ. ಆರಿದ ಮೇಲೆ ಸಿಪ್ಪೆ ತೆಗೆದು ತಿರುಳನ್ನು ಕೈಯಲ್ಲೇ ಕಿವುಚಿ. ಮಿಕ್ಸಿ ಬೇಡ, ನಾರು ಪುಡಿಯಾಗಿ ಗಂಟಲಿಗೆ ಸಿಗುತ್ತದೆ. ತಿರುಳು ಎಷ್ಟಿದೆಯೋ ಅಷ್ಟೇ ಅಳತೆ ಬೆಲ್ಲದ ಪುಡಿ, ಏಲಕ್ಕಿ, ಚೂರು ಉಪ್ಪು, ಇದ್ದರೆ ಎರಡು ಎಳೆ ಕೇಸರಿ. ಇದನ್ನು ಹಾಗೇ ಗಟ್ಟಿಯಾಗಿ ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಇಡಬಹುದು. ಮಕ್ಕಳು ಬಂದಾಗ ಎರಡು ಚಮಚ ತಿರುಳು, ಮೇಲೆ ನೀರು. ಕೆಲಸಕ್ಕೆ ಹೋಗುವವರಿಗೆ ಇದಕ್ಕಿಂತ ಅನುಕೂಲ ಇಲ್ಲರಿ.

ಬಸವನಗುಡಿ ಹುಡುಗ:

ರಾಮನವಮಿ ಪಾನಕದ ಅಳತೆ ಯಾರಾದರೂ ಸರಿಯಾಗಿ ಹೇಳಿ. ನಮ್ಮ ಬೀದಿಯಲ್ಲಿ ಕೊಡುವುದು ಒಂದೊಂದು ವರ್ಷ ಒಂದೊಂದು ರುಚಿ.

ಧಾರವಾಡದಾಕಿ:

ಒಂದು ಲೀಟರ್ ನೀರಿಗೆ 150 ಗ್ರಾಂ ಬೆಲ್ಲ. ಬೆಲ್ಲ ಕರಗಿದ ಮೇಲೆ ಸೋಸಲೇಬೇಕು, ಮರಳು, ಕಬ್ಬಿನ ಸಿಪ್ಪೆ ಎಲ್ಲ ಇರುತ್ತದೆ. ನಾಲ್ಕೈದು ಏಲಕ್ಕಿ, ಅರ್ಧ ಟೀ ಚಮಚ ಒಣಶುಂಠಿ ಪುಡಿ, ಅದಕ್ಕಿಂತ ಸ್ವಲ್ಪ ಕಡಿಮೆ ಕಾಳುಮೆಣಸು, ಚಿಟಿಕೆ ಉಪ್ಪು. ನಿಂಬೆರಸ ಎಲ್ಲಕ್ಕಿಂತ ಕೊನೆಗೆ. ಮೆಣಸನ್ನು ಆಗಲೇ ಕುಟ್ಟಿ ಹಾಕಿ, ಡಬ್ಬಿಯ ಹಳೇ ಪುಡಿ ಬೇಡ.

ಬೆಲ್ಲ ಆರಿಸುವಾಗ ಹಳದಿಯಾಗಿ ಹೊಳೆಯುವುದಕ್ಕೆ ಮರುಳಾಗಬೇಡಿರಿ. ಬಣ್ಣ ಬಿಳಿಚಿಸಲು ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿರುತ್ತಾರೆ. ಕಂದು ಬಣ್ಣದ, ಸ್ವಲ್ಪ ಮೆದು ಇರುವ ಬೆಲ್ಲ ತನ್ನಿ.

ನರ್ಸ್ ಅಕ್ಕ:

ಕೆಲವರು ಪಾನಕಕ್ಕೆ ಪಚ್ಚ ಕರ್ಪೂರ ಹಾಕುತ್ತಾರೆ. ಹಾಕುವುದಾದರೆ ತಿನ್ನುವ ಪಚ್ಚ ಕರ್ಪೂರ, ಅದೂ ಸಾಸಿವೆ ಕಾಳಿನಷ್ಟು. ಆರತಿಗೆ ಹಚ್ಚುವ ಕರ್ಪೂರ ವಿಷ. ಹಬ್ಬದ ಗಡಿಬಿಡಿಯಲ್ಲಿ ದೇವರ ಮನೆಯಿಂದ ತಂದು ಹಾಕಿಬಿಡಬೇಡಿ. ಸಣ್ಣ ಮಕ್ಕಳು ಕುಡಿಯುವ ಪಾನಕಕ್ಕೆ ಎರಡೂ ಬೇಡ.

ಘಟ್ಟದ ಮೇಲಿನವ:

ಬೆಲ್ಲ ಕರಗಿಸಲು ಪುರುಸೊತ್ತಿಲ್ಲದವರಿಗೆ ನಮ್ಮ ಜೋನಿ ಬೆಲ್ಲ ಇದೆ. ಅದು ಹೇಗೂ ನೀರಾಗಿಯೇ ಇರುತ್ತದೆ. ತಣ್ಣನೆಯ ನೀರಿಗೆ ಒಂದು ಸೌಟು ಸುರಿದು ನಿಂಬೆ ಹಿಂಡಿದರೆ ಪಾನಕ ಆಯಿತು. ಜೋನಿ ಬೆಲ್ಲವನ್ನೂ ಒಣಗಿದ ಸೌಟಿನಲ್ಲೇ ತೆಗೆಯಬೇಕು.

ಊಟದ ಹೊತ್ತು ಮೀರಿದಾಗ ನಮ್ಮಲ್ಲಿ ಕುಡಿಯುವುದು ಎಳ್ಳು ನೀರು. ಎಳ್ಳನ್ನು ಸಿಡಿಯುವವರೆಗೆ ಸಣ್ಣಗೆ ಹುರಿದು, ಏಲಕ್ಕಿ ಸೇರಿಸಿ, ಸ್ವಲ್ಪ ಸ್ವಲ್ಪವೇ ನೀರು ಹಾಕಿ ನುಣ್ಣಗೆ ರುಬ್ಬಬೇಕು. ಬೆಲ್ಲ, ತಣ್ಣೀರು ಸೇರಿಸಿದರೆ ಹಾಲಿನ ಹದಕ್ಕೆ ಬರುತ್ತದೆ. ಹೊಟ್ಟೆ ತುಂಬುತ್ತದೆ. ತೋಟದ ಕೆಲಸ ಮುಗಿಸಿ ಬಂದವರಿಗೆ ಒಂದು ಚೊಂಬು ಕೊಟ್ಟರೆ ಅರ್ಧ ಗಂಟೆ ಯಾರೂ ಊಟದ ಸುದ್ದಿ ಎತ್ತುವುದಿಲ್ಲ. ಹೆಸರುಕಾಳನ್ನು ಹುರಿದು ರುಬ್ಬಿಯೂ ಹೀಗೇ ಮಾಡುತ್ತೇವೆ. ಇವು ಇಡುವಂಥದ್ದಲ್ಲ. ರುಬ್ಬಿದ ದಿನವೇ ಮುಗಿಯಬೇಕು.

ಮ್ಯೂನಿಕ್ ಕನ್ನಡತಿ:

ಇಲ್ಲಿ ಇಂಡಿಯನ್ ಅಂಗಡಿಯಲ್ಲಿ ಒಣ ಕೋಕಂ ಸಿಗುತ್ತದೆ. ಅದರಿಂದ ಸಿಹಿ ಶರಬತ್ತು ಮಾಡಿದರೆ ಉಪ್ಪುಪ್ಪು ಆಗುತ್ತದೆ. ಬಣ್ಣವೂ ಮಂಕು. ಏನು ಮಾಡಲಿ?

ಪುತ್ತೂರಿನ ಮನೆ:

ಅದು ಸಾರಿಗೆ ಹಾಕಲು ಉಪ್ಪು ಹಾಕಿ ಒಣಗಿಸಿದ್ದು ತಂಗಿ. ಪೊಟ್ಟಣದ ಹಿಂದೆ ಉಪ್ಪು ಅಂತ ಬರೆದಿದೆಯಾ ನೋಡಿ, ಉಪ್ಪಿಲ್ಲದ್ದೂ ಸಿಗುತ್ತದೆ. ಉಪ್ಪಿನದ್ದೇ ಇದ್ದರೆ ತಣ್ಣೀರಿನಲ್ಲಿ ಬೇಗ ಬೇಗ ಎರಡು ಸಲ ತೊಳೆದು ಆ ನೀರು ಚೆಲ್ಲಿ. ಮತ್ತೆ ಬಿಸಿನೀರಿನಲ್ಲಿ ನಾಲ್ಕು ಗಂಟೆ ನೆನೆಸಿ ಕಿವುಚಿ ಸೋಸಿ. ಹಸಿ ಹಣ್ಣಿನ ಪರಿಮಳ ಬರುವುದಿಲ್ಲ, ಬಾಯಾರಿಕೆಗೆ ಸಾಕು. ಅಲ್ಯೂಮಿನಿಯಂ ಪಾತ್ರೆಯಲ್ಲಿ ನೆನೆಸಬೇಡಿ, ಹುಳಿಗೆ ಲೋಹ ಬಿಡುತ್ತದೆ. ಸ್ಟೀಲು, ಗಾಜು, ಪಿಂಗಾಣಿ ಯಾವುದಾದರೂ ಆಗುತ್ತದೆ.

ಬಣ್ಣ ಬೇಕೇ ಅಂದರೆ ಎರಡು ಕೆಂಪು ದಾಸವಾಳದ ಎಸಳು ಬಿಸಿನೀರಿಗೆ ಹಾಕಿ. ನೀರು ಮೊದಲು ನೇರಳೆಯಾಗುತ್ತದೆ. ಕೋಕಂ ರಸ ಸೇರಿದ ಕೂಡಲೇ ಕೆಂಪಾಗಿ ಹೊಳೆಯುತ್ತದೆ. ಔಷಧಿ ಹೊಡೆದ ನರ್ಸರಿ ಹೂವು ಬೇಡ, ಮನೆಯ ಗಿಡದ್ದೇ ಆಗಬೇಕು.

ಕಲಬುರಗಿ ಬಿಸಿಲು:

ಫ್ರೀಜರಿನ ದಾರಿ ಅಂತ ಮೇಲೆ ಹೇಳಿದಿರಿ. ಅದನ್ನು ಬಿಡಿಸಿ ಹೇಳಿ ಮೇಡಂ. ನನಗೆ ಅದೇ ಸರಿ ಅನಿಸುತ್ತಿದೆ.

ಮೈಸೂರು ಲ್ಯಾಬ್:

ನಿಂಬೆಹಣ್ಣು ಅಗ್ಗ ಇರುವಾಗ ಒಟ್ಟಿಗೆ ತಂದು ರಸ ತೆಗೆದು ಐಸ್ ಟ್ರೇಗೆ ಸುರಿದುಬಿಡಿ. ಹಿಂಡುವಾಗ ಸಿಪ್ಪೆಯನ್ನು ಪೂರ್ತಿ ಹಿಸುಕಬೇಡಿ, ಬೀಜ ತೆಗೆಯಿರಿ, ಇಲ್ಲದಿದ್ದರೆ ಕಹಿ ಬರುತ್ತದೆ. ಗಟ್ಟಿಯಾದ ಮೇಲೆ ಗಡ್ಡೆಗಳನ್ನು ಡಬ್ಬಿಗೆ ಹಾಕಿ ಮುಚ್ಚಿಡಿ. ಮಾವಿನಕಾಯಿ ತಿರುಳು, ಪುನರ್ಪುಳಿ ಸಿಪ್ಪೆ ರುಬ್ಬಿದ್ದು, ಕರಬೂಜದ ತಿರುಳು, ಎಲ್ಲವನ್ನೂ ಹೀಗೆ ಇಡಬಹುದು. ಸಕ್ಕರೆ ಒಂದು ಚೂರೂ ಬೇಕಿಲ್ಲ. ಇಲ್ಲಿ ಕಾವಲು ಕಾಯುವುದು ಚಳಿ. ಒಂದು ಲೋಟಕ್ಕೆ ಎರಡು ಗಡ್ಡೆ, ನಿಮಗೆ ಬೇಕಾದಷ್ಟು ಬೆಲ್ಲ. ಬೇರೆ ಐಸೂ ಬೇಕಾಗಿಲ್ಲ.

ಕರೆಂಟ್ ಜಾಸ್ತಿ ಹೋಗುವ ಊರಾದರೆ ಹುಷಾರು. ಕರಗಿ ಬೆಚ್ಚಗಾದದ್ದನ್ನು ಮತ್ತೆ ಗಟ್ಟಿ ಮಾಡಬೇಡಿ, ಅವತ್ತೇ ಬಳಸಿಬಿಡಿ.

ಬಳ್ಳಾರಿ ಗಾಳಿ:

ಕರೆಂಟ್ ಅಂದಾಗ ನೆನಪಾಯಿತು. ಮಣ್ಣಿನ ಹೂಜಿ ಇಟ್ಟುಕೊಳ್ಳಿ ಅಕ್ಕಾರೆ. ಹೂಜಿಯ ಮೈಯಿಂದ ನೀರು ಜಿನುಗಿ ಆವಿಯಾಗುವಾಗ ಒಳಗಿನ ನೀರು ತಣ್ಣಗಾಗುತ್ತದೆ. ಗಾಳಿ ಒಣಗಿದಷ್ಟೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೇ ಕಲಬುರಗಿ, ಬಳ್ಳಾರಿ, ರಾಯಚೂರಿನಲ್ಲಿ ಹೂಜಿ ನೀರು ಅಷ್ಟು ತಂಪು. ಕರಾವಳಿಯ ಬೆವರಿನ ಗಾಳಿಗೆ ಅಷ್ಟು ಆಗುವುದಿಲ್ಲ. ಹೂಜಿಯಲ್ಲಿ ಬರೀ ನೀರಿಡಿ, ಪಾನಕ ಇಡಬೇಡಿ. ಸಿಹಿ ಮಣ್ಣಿನ ರಂಧ್ರಕ್ಕೆ ಇಳಿದರೆ ತೊಳೆದರೂ ಹೋಗುವುದಿಲ್ಲ.

ಪುತ್ತೂರಿನ ಮನೆ:

ಹೌದು, ನಮ್ಮಲ್ಲಿ ಹೂಜಿ ಅಷ್ಟಕ್ಕಷ್ಟೇ. ನಾವು ಕುಡಿಯುವ ನೀರಿಗೆ ಲಾವಂಚದ ಬೇರಿನ ಒಂದು ಸಣ್ಣ ಕಟ್ಟು ಹಾಕಿಡುತ್ತೇವೆ. ಬೇರಿನ ಮಣ್ಣು ಪೂರ್ತಿ ಹೋಗುವವರೆಗೆ ತೊಳೆದು ಹಾಕಬೇಕು, ಎರಡು ಮೂರು ದಿನಕ್ಕೊಮ್ಮೆ ತೆಗೆದು ಬಿಸಿಲಿಗೆ ಒಣಗಿಸಬೇಕು. ಆ ನೀರಿನಲ್ಲಿ ಶರಬತ್ತು ಕಲಸಿ ನೋಡಿ.

ಬಸವನಗುಡಿ ಹುಡುಗ:

ಕೊನೆಯದಾಗಿ ಇನ್ನೊಂದು. ಬೇಲದ ಹಣ್ಣಿನ ಪಾನಕ ಮಾಡಬೇಕು ಅಂತ ಗಾಂಧಿ ಬಜಾರಿನಿಂದ ಹಣ್ಣು ತಂದೆ. ಚಿಪ್ಪು ಕಲ್ಲಿನ ಹಾಗಿದೆ. ಒಳಗೆ ಹಣ್ಣಾಗಿದೆಯೋ ಇಲ್ಲವೋ ಒಡೆಯದೆ ಹೇಗೆ ಗೊತ್ತಾಗುತ್ತದೆ?

ಧಾರವಾಡದಾಕಿ:

ಒಂದು ಅಡಿ ಮೇಲಿನಿಂದ ನೆಲಕ್ಕೆ ಬಿಡಿರಿ. ಕಾಯಿ ಆದರೆ ಪುಟಿಯುತ್ತದೆ. ಹಣ್ಣಾಗಿದ್ದರೆ ಧಪ್ ಅಂತ ಬಿದ್ದಲ್ಲೇ ಕೂರುತ್ತದೆ. ಮೂಸಿದರೂ ಗೊತ್ತಾಗುತ್ತದೆ, ಮಾಗಿದ ಹಣ್ಣಿನ ವಾಸನೆ ಚಿಪ್ಪಿನ ಹೊರಗೇ ಬರುತ್ತದೆ. ಕಾಯಿ ಇದ್ದರೆ ಬಿಸಿಲಿಗೆ ಕೆಲವು ದಿನ ಇಡಿ.

ಒಡೆದ ಮೇಲೆ ತಿರುಳನ್ನು ನೀರಿನಲ್ಲಿ ಕಿವುಚಿ, ದೊಡ್ಡ ಕಣ್ಣಿನ ಜರಡಿಯಲ್ಲಿ ಸೋಸಿ. ಬೀಜ, ನಾರು ಎಲ್ಲ ಮೇಲೆ ಉಳಿಯುತ್ತದೆ. ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು. ನಿಂಬೆ ಬೇಡ, ಹಣ್ಣಿನಲ್ಲೇ ಹುಳಿ ಇದೆ.

ಬಸವನಗುಡಿ ಹುಡುಗ:

ಬಿಟ್ಟು ನೋಡಿದೆ. ಎರಡು ಪುಟಿದವು, ಒಂದು ಕೂತಿತು. ಕೂತದ್ದನ್ನು ಒಡೆದಿದ್ದೇನೆ, ಕಂದು ತಿರುಳು, ಒಳ್ಳೆಯ ಘಮ. ಪುಟಿದ ಎರಡನ್ನು ಮಹಡಿ ಮೇಲೆ ಬಿಸಿಲಿಗೆ ಇಟ್ಟು ಬಂದೆ.